ಕಾಲಂನೊಳಗಿನ ನೀರು ಮೇಲೂ ಹೋಗಲ್ಲ, ಕೆಳಗೂ ಇಳಿಯಲ್ಲ, ಯಾಕೆ?

ಹೇಮಾವತಿ ದಂಡೆ:
ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಕೊನೇ ವರ್ಷ. ಪ್ರಾಜೆಕ್ಟಿಗೆ ರಿಫೈನರಿಯ ಎಫ್‌ಸಿಸಿ (ಭಾರದ ಎಣ್ಣೆ ಒಡೆದು ಹಗುರ ಮಾಡೋ ಘಟಕ) ಗ್ಯಾಸ್ ಪ್ಲಾಂಟ್‌ನ ಡಿಈಥನೈಜರ್ ಕಾಲಂ (ಈಥೇನ್ ಮತ್ತು ಅದಕ್ಕಿಂತ ಹಗುರ ಗ್ಯಾಸ್‌ಗಳನ್ನ ತಲೆಯಿಂದ ಬೇರ್ಪಡಿಸೋ ಗೋಪುರ) ಸಿಮ್ಯುಲೇಶನ್ ಮಾಡ್ತಿದೀನಿ. ಒತ್ತಡ 15 ಬಾರ್ ಅಬ್ಸಲ್ಯೂಟ್, ತಲೆ 40 ಡಿಗ್ರಿ, ಬುಡ 120 ಡಿಗ್ರಿ. ಫೀಡ್ ಗಂಟೆಗೆ 60 ಟನ್, ಅದೂ 40 ಡಿಗ್ರಿಯಲ್ಲಿ. ತಲೆಯಿಂದ ಹೋಗೋ ಗ್ಯಾಸ್ ಗಂಟೆಗೆ 100 ಕಿಲೋಮೋಲ್. ನೀರು ಬಿಟ್ಟು ಓಡಿಸಿದ್ರೆ ಸಲೀಸಾಗಿ ಕನ್ವರ್ಜ್ ಆಗುತ್ತೆ (ಲೆಕ್ಕ ಒಂದು ಉತ್ತರಕ್ಕೆ ಬಂದು ನಿಲ್ಲುತ್ತೆ). ಚೂರು ನೀರು ಸೇರಿಸಿದ್ರೆ ಸಾಕು, ಲೆಕ್ಕ ಅಲ್ಲಾಡೋಕೆ ಶುರು.

15 ಬಾರ್‌ನಲ್ಲಿ ನೀರು ಕುದಿಯೋದು 198 ಡಿಗ್ರಿಗೆ. ಬುಡ ಬರೀ 120. ಹಾಗಾದ್ರೆ ನೀರು ಕುದಿಯದೆ ಬುಡಕ್ಕಿಳಿದು ನಾಫ್ತಾ ಜೊತೆ ಹೊರಗೆ ಹೋಗ್ಬೇಕಲ್ವಾ? ಗೈಡ್ ಸರ್ "ಹೋಗಲ್ಲ, ನೋಡು" ಅಂದು ಸುಮ್ಮನಾದ್ರು.

ಬಾಬಾಬುಡನ್ ಪ್ರೋಸೆಸ್:
ನಿಮ್ಮ ಸರ್ ಸರಿಯಾಗೇ ಹೇಳಿದಾರೆ. ನೀರಿನ ಕುದಿಯುವ ಬಿಂದುವನ್ನ ಹೈಡ್ರೋಕಾರ್ಬನ್ ಕಾಲಂಗೆ ಹಚ್ಚಿ ನೋಡಿದರೆ ದಾರಿ ತಪ್ಪೋದು ಖಚಿತ. ನೀರು ಎಣ್ಣೆಯಲ್ಲಿ ಕರಗಿದೆಯೋ, ಬೇರೆಯಾಗಿ ನಿಂತಿದೆಯೋ ಅನ್ನೋದರ ಮೇಲೆ ಅದರ ಸ್ವಭಾವವೇ ಬೇರೆ.

25 ಡಿಗ್ರಿಯಲ್ಲಿ ಹೆಕ್ಸೇನ್ ತಗೊಳ್ಳಿ. ಅದರಲ್ಲಿ ನೀರು ಕರಗೋದು ತೂಕದಲ್ಲಿ ಸುಮಾರು 100 ಪಿಪಿಎಂ. ಮೋಲ್ ಲೆಕ್ಕಕ್ಕೆ ತಂದರೆ 100ನ್ನ 86ರಿಂದ ಗುಣಿಸಿ 18ರಿಂದ ಭಾಗಿಸಿ, ಹತ್ತಿರ ಹತ್ತಿರ 480 ಪಿಪಿಎಂ, ಅಂದ್ರೆ ಮೋಲ್ ಅಂಶ 0.00048. ಇಷ್ಟು ಕರಗಿದಾಗಲೇ ದ್ರಾವಣ ಸ್ಯಾಚುರೇಟ್ ಆಗಿ, ಮೇಲಿನ ಆವಿಯಲ್ಲಿ ನೀರಿನ ಪಾಲಿನ ಒತ್ತಡ ಶುದ್ಧ ನೀರಿನಷ್ಟೇ, 3.17 ಕಿಲೋಪಾಸ್ಕಲ್, ಇರುತ್ತೆ. 3.17ನ್ನ 0.00048ರಿಂದ ಭಾಗಿಸಿ: 6,600 ಕಿಲೋಪಾಸ್ಕಲ್, ಅಂದ್ರೆ 66 ಬಾರ್. ಕರಗಿದ ನೀರಿಗೆ ಎಣ್ಣೆ ಬಿಟ್ಟು ಹಾರುವ ತವಕ ಅಷ್ಟಿರುತ್ತೆ. ಅದೇ ಉಷ್ಣತೆಯಲ್ಲಿ ಈಥೇನ್‌ನ ಆವಿ ಒತ್ತಡ ಸುಮಾರು 42 ಬಾರ್. ಹಾಗಾಗಿ ಕರಗಿದ ನೀರು ಈಥೇನ್‌ಗಿಂತಲೂ ಹಗುರ! ಬೇರೆಯಾಗಿ ನಿಂತ ನೀರಿಗೆ ಮಾತ್ರ ಅದೇ ಹಳೇ 3.17 ಕಿಲೋಪಾಸ್ಕಲ್.

ಬಿಸಿ ಏರಿದ ಹಾಗೆ ಈ ವ್ಯತ್ಯಾಸ ಕಡಿಮೆಯಾಗುತ್ತೆ, ಆದ್ರೂ ನಿಮ್ಮ ಬುಡದ 120 ಡಿಗ್ರಿಯಲ್ಲಿ ಕರಗಿದ ನೀರು ಹಗುರವೇ. ರೀಬಾಯ್ಲರ್ (ಬುಡದ ದ್ರವ ಕುದಿಸೋ ಹೀಟರ್) ಆವಿ ಅದನ್ನ ತಳ್ಳಿ ಮೇಲಕ್ಕೆ ಕಳಿಸುತ್ತೆ. ಬುಡದ ನಾಫ್ತಾ ಬಹುಮಟ್ಟಿಗೆ ಒಣಗೇ ಹೊರಗೆ ಬರುತ್ತೆ.

ಹೇಮಾವತಿ ದಂಡೆ:
ಹಾಗಾದ್ರೆ ಹಗುರ ಆಗಿರೋ ನೀರು ತಲೆಯಿಂದ ಹೊರಟುಹೋಗ್ಬೇಕಲ್ಲ ಸರ್?

ಬಾಬಾಬುಡನ್ ಪ್ರೋಸೆಸ್:
ಅಲ್ಲೇ ಇರೋದು ತಕರಾರು. ಆವಿ ಎಷ್ಟು ನೀರು ಹೊರಬಲ್ಲದು ಅನ್ನೋದಕ್ಕೆ ಮಿತಿ ಇದೆ: ಆ ಉಷ್ಣತೆಯಲ್ಲಿ ನೀರಿನ ಆವಿ ಒತ್ತಡವನ್ನ ಒಟ್ಟು ಒತ್ತಡದಿಂದ ಭಾಗಿಸಿ.

ಬುಡ 120 ಡಿಗ್ರಿ: 1.985 ಬಾರ್ ಭಾಗಿಸು 15. ಮೋಲ್ ಲೆಕ್ಕದಲ್ಲಿ ಶೇ. 13.
ತಲೆ 40 ಡಿಗ್ರಿ: 0.0738 ಬಾರ್ ಭಾಗಿಸು 15. ಶೇ. 0.49.

ಬುಡದ ಹತ್ತಿರದ ಆವಿ ತಲೆಯ ಆವಿಗಿಂತ 27 ಪಟ್ಟು ನೀರು ಹೊರಬಲ್ಲದು. ಮೇಲೇರ್ತಾ ತಣ್ಣಗಾದಾಗ ಹೊರಲಾರದ ನೀರು ಬೇರೆ ದ್ರವವಾಗಿ ಟ್ರೇ (ಕಾಲಂನೊಳಗಿನ ಅಡ್ಡ ತಟ್ಟೆ) ಮೇಲೆ ಬೀಳುತ್ತೆ. ಬಿದ್ದದ್ದು ಕೆಳಗಿಳಿಯುತ್ತೆ, ಬಿಸಿ ಟ್ರೇ ಸಿಕ್ಕ ಕೂಡಲೇ ಮತ್ತೆ ಆವಿ, ಮತ್ತೆ ಮೇಲಕ್ಕೆ. ಎರಡು ಕಡೆಯೂ ಬಾಗಿಲು ಹಾಕಿದ ಹಾಗೆ.

ಈಗ ನಿಮ್ಮದೇ ಅಂಕಿ ಹಾಕಿ. ತಲೆಯ ಗ್ಯಾಸ್ 100 ಕಿಲೋಮೋಲ್, ಅದು ಹೊರೋದು 0.49 ಕಿಲೋಮೋಲ್ ನೀರು, ಗಂಟೆಗೆ 8.8 ಕೆಜಿ. ನಿಮ್ಮ 60 ಟನ್ ಫೀಡ್‌ನಲ್ಲಿ 200 ಪಿಪಿಎಂ ಕರಗಿದ ನೀರಿದೆ ಅಂತ ಹಿಡಿದರೂ ಗಂಟೆಗೆ 12 ಕೆಜಿ ಒಳಗೆ ಬರುತ್ತೆ. ಬುಡದಿಂದ ಹೋಗೋದು ನಗಣ್ಯ. ಗಂಟೆಗೆ 3.2 ಕೆಜಿ ಒಳಗೇ ಉಳೀತು, ದಿನಕ್ಕೆ 77 ಕೆಜಿ. ಇದು ಫೀಡ್ ಡ್ರಮ್ ಸರಿಯಾಗಿ ನೀರು ಬೇರ್ಪಡಿಸ್ತಿದ್ದಾಗಿನ ಲೆಕ್ಕ. ಶೇ. 0.1ರಷ್ಟು ಬಿಡಿ ನೀರು (ಕರಗದೆ ಬೇರೆಯಾಗಿರೋ ನೀರು) ಜೊತೆಗೆ ಹಾರಿ ಬಂದರೆ ಇನ್ನೂ 60 ಕೆಜಿ ಗಂಟೆಗೆ.

ನಿಮ್ಮ ಸಿಮ್ಯುಲೇಶನ್ ಅಲ್ಲಾಡೋದಕ್ಕೂ ಇದೇ ಕಾರಣ. ಸ್ಟೆಡಿ ಸ್ಟೇಟ್ ಕೇಳ್ತಿದೀರಿ, ಒಳಗೆ ಬಂದ ನೀರಿಗೆ ಹೊರಗೆ ಹೋಗೋ ದಾರಿ ಕೊಟ್ಟಿಲ್ಲ.

ಶಿರಾಡಿ ಘಾಟಿ:
ಪ್ಯಾನೆಲ್ ಮುಂದೆ ಕೂತವರಿಗೆ ಇದು ಹೇಗೆ ಕಾಣುತ್ತೆ ಅಂತ ಸೇರಿಸ್ತೀನಿ, ವೈವಾದಲ್ಲಿ ಕೇಳ್ತಾರೆ.

ಮೊದಲು ಏನೂ ಕಾಣಲ್ಲ. ಕಾಲಂನ ಮಧ್ಯಭಾಗದ ಡಿಪಿ (ಕೆಳಗಿನ, ಮೇಲಿನ ಒತ್ತಡಗಳ ವ್ಯತ್ಯಾಸ) ಗಂಟೆಗಟ್ಟಲೆ ಮೆಲ್ಲಗೆ ಏರುತ್ತೆ. ಮಧ್ಯದ ಟ್ರೇ ಉಷ್ಣತೆ ಫ್ಲಾಟ್ ಆಗುತ್ತೆ. ನಾಲ್ಕೈದು ಟ್ರೇಗಳ ಅಳತೆ ಒಂದೇ ಅಂಕಿಗೆ ಅಂಟಿಕೊಳ್ಳುತ್ತೆ. ಆಮೇಲೆ ಒಂದೇ ಸಲ ಎರಡರಲ್ಲೊಂದು: ಫ್ಲಡ್ ಆಗಿ ದ್ರವ ತಲೆಯಿಂದ ಹಾರಿ ಗ್ಯಾಸ್ ಲೈನಿಗೆ ಹೋಗುತ್ತೆ, ಇಲ್ಲಾಂದ್ರೆ ಕೂತಿದ್ದ ನೀರು ರಾಶಿಯಾಗಿ ಬುಡಕ್ಕೆ ಬೀಳುತ್ತೆ. ಬುಡಕ್ಕೆ ಬಿದ್ದಾಗ ಉಷ್ಣತೆ ಗಪ್ಪನೆ ಕುಸಿಯುತ್ತೆ, ರೀಬಾಯ್ಲರ್ ವಾಲ್ವ್ ಪೂರ್ತಿ ತೆರೆಯುತ್ತೆ, ಎಲ್‌ಪಿಜಿಯಲ್ಲಿ ಈಥೇನ್ ಜಾಸ್ತಿ ಅಂತ ಲ್ಯಾಬ್ ಫೋನ್ ಬರುತ್ತೆ. ಆಮೇಲೆ ಎಲ್ಲ ಸರಿಹೋಗುತ್ತೆ, ಡಿಪಿ ಮತ್ತೆ ಕೆಳಗಿನಿಂದ ಶುರು. ಟ್ರೆಂಡ್ ನೋಡಿದ್ರೆ ಗರಗಸದ ಹಲ್ಲು. ನಿಯಮಿತ ಅಂತರದಲ್ಲಿ ಈ ಹಲ್ಲು ಕಂಡರೆ ಕಂಟ್ರೋಲರ್ ಟ್ಯೂನಿಂಗ್ ಕೆದಕೋಕೆ ಹೋಗ್ಬೇಡಿ, ಮೊದಲು ನೀರು ಹುಡುಕಿ.

ಬರೀ ಟ್ರೇ ಹಾಳಾಗಿದ್ದರೆ ಅಥವಾ ಕೊಳೆ ಕಟ್ಟಿದ್ದರೆ ಡಿಪಿ ಏರಿ ಅಲ್ಲೇ ನಿಲ್ಲುತ್ತೆ. ತನ್ನಷ್ಟಕ್ಕೇ ಇಳಿದು ಸುತ್ತು ಹಾಕಲ್ಲ.

ಮಂಜ್ರಾಬಾದ್:
ಘಾಟಿಯವರೇ, ತಾತ್ಕಾಲಿಕ ಮದ್ದನ್ನೂ ಹೇಳಿಬಿಡಿ. ತಲೆಯನ್ನ 40ರಿಂದ 50 ಡಿಗ್ರಿಗೆ ಬಿಟ್ಟರೆ ನೀರಿನ ಆವಿ ಒತ್ತಡ 0.123 ಬಾರ್ ಆಗುತ್ತೆ, ಅದೇ ಗ್ಯಾಸ್ ಮೂರನೇ ಎರಡರಷ್ಟು ಹೆಚ್ಚು ನೀರು ಹೊರುತ್ತೆ.

ಶಿರಾಡಿ ಘಾಟಿ:
ಹೌದು, ಫೀಡ್ ಪ್ರೀಹೀಟ್ ಏರಿಸೋದು ಇಲ್ಲಾ ಲೀನ್ ಆಯಿಲ್ (ಗ್ಯಾಸ್‌ನ ಭಾರದ ಭಾಗ ಹೀರೋಕೆ ತಲೆಯಲ್ಲಿ ಬಿಡೋ ಎಣ್ಣೆ) ಕಡಿಮೆ ಮಾಡೋದು. ಬೆಲೆ ಏನಂದ್ರೆ ಪ್ರೋಪೇನ್, ಪ್ರೋಪಿಲೀನ್ ಫ್ಯುಯೆಲ್ ಗ್ಯಾಸ್‌ಗೆ ಹಾರುತ್ತೆ. ಒಂದು ಶಿಫ್ಟ್ ಮಟ್ಟಿಗೆ ಸರಿ. ತಿಂಗಳಾನುಗಟ್ಟಲೆ ಹಾಗೇ ಓಡಿಸೋದು ದುಡ್ಡು ಸುಟ್ಟ ಹಾಗೆ.

ಯಗಚಿ ಇನ್‌ಸ್ಟ್ರುಮೆಂಟ್:
ಎಲ್ಲರೂ ಕಾಲಂ ಬೈತಿದೀರಿ. ನೀರು ಬಂದದ್ದೆಲ್ಲಿಂದ? ಹತ್ತರಲ್ಲಿ ಆರೇಳು ಸಲ ಫೀಡ್ ಡ್ರಮ್ ಅಥವಾ ರಿಫ್ಲಕ್ಸ್ (ತಲೆಯ ಆವಿ ತಣಿಸಿ ಕಾಲಂಗೆ ವಾಪಸ್ ಬಿಡೋ ದ್ರವ) ಡ್ರಮ್‌ನ ಬೂಟ್ ಕಡೆಯಿಂದ.

ಬೂಟ್ ಅಂದ್ರೆ ಡ್ರಮ್ ಕೆಳಗೆ ನೀರು ಕೂರೋಕೆ ಇಳಿಬಿಟ್ಟ ಗಿಡ್ಡ ಸಿಲಿಂಡರ್. ಅಲ್ಲಿ ಅಳೀಬೇಕಾದ್ದು ಎಣ್ಣೆ–ನೀರಿನ ನಡುವಿನ ಗೆರೆ, ಅಂದ್ರೆ ಇಂಟರ್‌ಫೇಸ್. ಡಿಪಿ ಟ್ರಾನ್ಸ್‌ಮಿಟರ್ ಆಗಿದ್ದರೆ ಅದು ನಂಬೋದು ಸಾಂದ್ರತೆಯ ವ್ಯತ್ಯಾಸವನ್ನ: ಘನಮೀಟರಿಗೆ ನೀರು 1000 ಕೆಜಿ, ನಾಫ್ತಾ 700 ಕೆಜಿ. ಮೇಲಿನ ಮತ್ತು ಕೆಳಗಿನ ಟ್ಯಾಪ್ ನಡುವೆ 600 ಮಿಮೀ ಇದ್ದರೆ, ಪೂರ್ತಿ ನೀರಿಗೂ ಪೂರ್ತಿ ನಾಫ್ತಾಗೂ ಇರೋ ವ್ಯತ್ಯಾಸ ಬರೀ 180 ಮಿಮೀ ನೀರಿನ ಕಂಬದಷ್ಟು. ಟ್ರಾನ್ಸ್‌ಮಿಟರನ್ನ 0–600 ಅಂತ ಕ್ಯಾಲಿಬ್ರೇಟ್ ಮಾಡಿ ಕೂರಿಸಿದ್ದರೆ, ಬೂಟ್‌ನಲ್ಲಿ ಹನಿ ನೀರಿಲ್ಲದಾಗಲೂ ಪರದೆ ಮೇಲೆ ಶೇ. 70 ತೋರಿಸುತ್ತೆ. ಸರಿಯಾದ ರೇಂಜ್ 420ರಿಂದ 600. ಇನ್ನೂ ಒಂದು ಷರತ್ತು: ಮೇಲಿನ ಟ್ಯಾಪ್ ಯಾವಾಗಲೂ ದ್ರವದಲ್ಲಿ ಮುಳುಗಿರಬೇಕು. ಡ್ರಮ್ ಲೆವೆಲ್ ಇಳಿದು ಅದು ಆವಿಗೆ ತೆರೆದುಕೊಂಡರೆ ಓದು ಪೂರಾ ಸುಳ್ಳು.

ಗೇಜ್ ಗ್ಲಾಸ್ ವಿಚಾರ. ಬೂಟ್‌ನ ಗ್ಲಾಸ್‌ಗೆ ಎರಡೇ ಕನೆಕ್ಷನ್ ಇದ್ದು, ಮೇಲಿನದು ನಾಫ್ತಾದಲ್ಲಿ, ಕೆಳಗಿನದು ನೀರಿನಲ್ಲಿ ಇದ್ದರೆ ಅದೂ ತಪ್ಪು ತೋರಿಸಬಹುದು, ಒಳಗೆ ಸಿಕ್ಕಿದ ದ್ರವ ಅಲ್ಲೇ ಕೂತಿರುತ್ತೆ. ಡ್ರೈನ್ ಮಾಡಿ ತುಂಬಿಸಿ ನೋಡಿ, ಎರಡು ನಿಮಿಷ ಬಿಟ್ಟು ಮತ್ತೆ ನೋಡಿ. ಎರಡು ದ್ರವದ ನಡುವೆ ಕೊಳಕು ಎಮಲ್ಶನ್ ಪದರ ಇದ್ದರೆ ಡಿಸ್ಪ್ಲೇಸರ್ (ದ್ರವದಲ್ಲಿ ಮುಳುಗಿದ ತೂಕದಿಂದ ಮಟ್ಟ ಅಳೆಯೋ ಸಾಧನ) ಆಗಲಿ ಡಿಪಿ ಆಗಲಿ ಒಂದು ಗೆರೆ ಹೇಳುತ್ತೆ, ಗೆರೆಯೇ ಇರಲ್ಲ.

ಮಂಜ್ರಾಬಾದ್:
ರಿಫ್ಲಕ್ಸ್ ಪಂಪ್ ಸಕ್ಷನ್ ನಳಿಗೆ ಡ್ರಮ್ ತಳದಿಂದ 150 ಮಿಮೀಯಷ್ಟು ಮೇಲೆ ಎದ್ದಿರಬೇಕು. ಶಟ್‌ಡೌನ್‌ನಲ್ಲಿ ಡ್ರಮ್ ತೆರೆದಾಗ ಆ ಗಿಡ್ಡ ಪೈಪ್ ಇದೆಯಾ, ತುಕ್ಕು ಹಿಡಿದು ತೂತು ಬಿದ್ದಿದೆಯಾ ನೋಡಿ. ಬಹಳ ಕಡೆ ಅದನ್ನ ಯಾರೂ ನೋಡಲ್ಲ.

ರಿಫ್ಲಕ್ಸ್ ಜೊತೆ ನೀರು ಕಾಲಂಗೆ ಹೋದರೆ ಗುರುತು ಸುಲಭ: ರಿಫ್ಲಕ್ಸ್ ಹರಿವು ಹಾಗೇ ಇದೆ, ತಲೆಯ ಉಷ್ಣತೆ ಮಾತ್ರ ಧಡಕ್ಕನೆ ಬಿತ್ತು. ಒಂದು ಕೆಜಿ ನೀರು ಆವಿಯಾಗೋಕೆ ಸುಮಾರು 2,257 ಕಿಲೋಜೂಲ್ ಬೇಕು, ನಾಫ್ತಾಗೆ 300 ಚಿಲ್ಲರೆ. ಏಳು ಪಟ್ಟು ಶಾಖ ಕದೀತದೆ.

ಹೇಮಾವತಿ ದಂಡೆ:
ಇದೇ ವಿಷಯ ಕ್ರೂಡ್ (ಕಚ್ಚಾ ತೈಲ) ಕಾಲಂಗೂ ಅನ್ವಯಿಸುತ್ತಾ? ಅಲ್ಲಿ ಬೇಕಂತಲೇ ಸ್ಟೀಮ್ ಬಿಡ್ತಾರಲ್ಲ. ಸ್ಟೀಮ್ ಬಿಸಿ ಕೊಡೋಕೆ ಅಂತ ನಮ್ಮ ನೋಟ್ಸ್‌ನಲ್ಲಿದೆ.

ಬಾಬಾಬುಡನ್ ಪ್ರೋಸೆಸ್:
ನೋಟ್ಸ್‌ನ ಆ ಸಾಲು ಹೊಡೆದುಹಾಕಿ. ಸ್ಟ್ರಿಪ್ಪಿಂಗ್ ಸ್ಟೀಮ್ ಬಿಟ್ಟಾಗ ಬುಡದ ಎಣ್ಣೆ ತಣ್ಣಗಾಗುತ್ತೆ. ಸ್ಟೀಮ್ ಹೈಡ್ರೋಕಾರ್ಬನ್‌ನ ಪಾಲಿನ ಒತ್ತಡ ತಗ್ಗಿಸುತ್ತೆ, ಹಗುರ ಭಾಗ ಆವಿಯಾಗುತ್ತೆ, ಆ ಆವಿಗೆ ಬೇಕಾದ ಶಾಖ ಎಣ್ಣೆಯಿಂದಲೇ ಹೋಗುತ್ತೆ. ಮಲೆನಾಡಿನಲ್ಲಿ ಮಜ್ಜಿಗೆ ಹುಲ್ಲಿನ ಎಣ್ಣೆ ತೆಗೆಯೋ ಬಟ್ಟಿ ನೋಡಿದ್ದೀರಾ? ಅದರ ಮುಖ್ಯ ಅಂಶ ಸಿಟ್ರಾಲ್ ಒಂಟಿಯಾಗಿ ಕುದಿಯೋದು 229 ಡಿಗ್ರಿ ಆಸುಪಾಸು. ಆದ್ರೆ ಸಾವಿರ ಮೀಟರ್ ಎತ್ತರದ ಚಿಕ್ಕಮಗಳೂರಲ್ಲಿ ನೀರಿನ ಜೊತೆ ಸೇರಿ 97ರೊಳಗೇ ಹಾರಿ ಬರುತ್ತೆ. ಎರಡರ ಆವಿ ಒತ್ತಡ ಕೂಡಿ ವಾತಾವರಣದ ಒತ್ತಡಕ್ಕೆ ಸಮ ಆದರೆ ಸಾಕು. ಕ್ರೂಡ್ ಕಾಲಂನಲ್ಲೂ ಇದೇ ಕೆಲಸ.

ಸಾಮಾನ್ಯವಾಗಿ ಬುಡದ ಉತ್ಪನ್ನದ ಪ್ರತಿ ಘನಮೀಟರಿಗೆ 15ರಿಂದ 28 ಕೆಜಿ ಸ್ಟೀಮ್. ಅದೂ ಸೂಪರ್‌ಹೀಟ್ ಆಗಿರಲೇಬೇಕು.

ಲೆಕ್ಕ ಮಾಡ್ಬೇಕಾದ್ದು ತಲೆಯಲ್ಲಿ ನೀರಿನ ಡ್ಯೂ ಪಾಯಿಂಟ್ (ಆವಿ ಹನಿಯಾಗೋಕೆ ಶುರುವಾಗೋ ಉಷ್ಣತೆ). ಉದಾಹರಣೆಗೆ: ಕ್ರೂಡ್ ಗಂಟೆಗೆ 300 ಟನ್, ತಲೆಯಿಂದ ಹೋಗೋ ನಾಫ್ತಾ 40 ಟನ್, ರಿಫ್ಲಕ್ಸ್ 80 ಟನ್, ಅಣುತೂಕ 100, ಬುಡಕ್ಕೂ ಸೈಡ್ ಸ್ಟ್ರಿಪ್ಪರ್‌ಗಳಿಗೂ (ಪಕ್ಕದಿಂದ ತೆಗೆದ ಉತ್ಪನ್ನದ ಹಗುರ ಭಾಗ ಹಾರಿಸೋ ಚಿಕ್ಕ ಕಾಲಂಗಳು) ಸೇರಿ ಸ್ಟೀಮ್ 6 ಟನ್, ತಲೆಯ ಒತ್ತಡ 1.7 ಬಾರ್ ಅಬ್ಸಲ್ಯೂಟ್.

ಹೈಡ್ರೋಕಾರ್ಬನ್: 1,20,000 ಭಾಗಿಸು 100, 1,200 ಕಿಲೋಮೋಲ್. ರಿಫ್ಲಕ್ಸ್ ಬಿಡಬೇಡಿ, ಅದೂ ತಲೆಯ ಮೂಲಕ ಆವಿಯಾಗಿ ಹೋಗುತ್ತೆ.
ಸ್ಟೀಮ್: 6,000 ಭಾಗಿಸು 18, 333 ಕಿಲೋಮೋಲ್.
ಡೀಸಾಲ್ಟರ್ (ಕ್ರೂಡ್‌ನ ಉಪ್ಪು ತೊಳೆಯೋ ಪಾತ್ರೆ) ದಾಟಿ ಕ್ರೂಡ್ ಜೊತೆ ಬರೋ ನೀರು ಶೇ. 0.3 ಅಂದ್ರೆ 0.9 ಟನ್: ಇನ್ನೂ 50. ಇದನ್ನ ಬಹಳ ಜನ ಮರೀತಾರೆ.
ನೀರಿನ ಪಾಲು 383 ಭಾಗಿಸು 1,583, ಅಂದ್ರೆ 0.242. ಪಾಲಿನ ಒತ್ತಡ 0.41 ಬಾರ್. ಸ್ಟೀಮ್ ಟೇಬಲ್ ನೋಡಿದ್ರೆ 76.5 ಡಿಗ್ರಿ.

ತಲೆಯನ್ನ ಇದಕ್ಕಿಂತ ಕನಿಷ್ಠ 14–15 ಡಿಗ್ರಿ ಮೇಲಿಡೋದು ವಾಡಿಕೆ. ಅಂದ್ರೆ 91–92ಕ್ಕಿಂತ ಕೆಳಗೆ ಇಳಿಸಬೇಡಿ.

ಯಗಚಿ ಇನ್‌ಸ್ಟ್ರುಮೆಂಟ್:
15 ಡಿಗ್ರಿ ಜಾಸ್ತಿ ಆಯ್ತು ಅನ್ಸಲ್ವಾ? ಲೆಕ್ಕ ನಿಖರ ಇದ್ದರೆ 5 ಸಾಕು.

ತುಕ್ಕು ಮದ್ದು:
ಸಾಲದು ಕಣ್ರೀ. ಲೆಕ್ಕದಲ್ಲಿ ಬರೋದು ಸರಾಸರಿ. ರಿಫ್ಲಕ್ಸ್ 40 ಡಿಗ್ರಿಯಲ್ಲಿ ವಾಪಸ್ ಬಂದು ಬೀಳೋ ಜಾಗ, ನಳಿಗೆ, ಮೇಲಿನ ಟ್ರೇಯ ಆ ಮೂಲೆ, ಅಲ್ಲಿನ ಲೋಹದ ಉಷ್ಣತೆ 76ಕ್ಕಿಂತ ಎಷ್ಟೋ ಕೆಳಗೆ. ಅಲ್ಲಿ ನೀರು ಹನಿಯುತ್ತೆ, ನಿಮ್ಮ ಥರ್ಮೋಕಪಲ್‌ಗೆ ಸುದ್ದಿಯೂ ತಿಳಿಯಲ್ಲ.

ಮೊದಲ ಹನಿಯೇ ಅತಿ ಕೆಟ್ಟದ್ದು. ಕ್ರೂಡ್‌ನ ಉಪ್ಪಿನಲ್ಲಿರೋ ಮೆಗ್ನೀಸಿಯಂ ಕ್ಲೋರೈಡ್, ಆಮೇಲೆ ಕ್ಯಾಲ್ಸಿಯಂ ಕ್ಲೋರೈಡ್, ಫರ್ನೇಸ್ ಬಿಸಿಗೆ ನೀರಿನೊಂದಿಗೆ ಸೇರಿ ಹೈಡ್ರೋಜನ್ ಕ್ಲೋರೈಡ್ ಬಿಡುತ್ತವೆ. ಅಡುಗೆ ಉಪ್ಪು ಅಷ್ಟಾಗಿ ಬಿಡಲ್ಲ. ಆ ಆಮ್ಲ ಪೂರಾ ಮೊದಲ ಹನಿಗೆ ಓಡುತ್ತೆ, ಪಿಎಚ್ 1–2ಕ್ಕೆ ಇಳಿಯುತ್ತೆ. ಬೂಟ್ ನೀರಿನ ಪಿಎಚ್ 6 ಇದೆ ಅಂತ ಖುಷಿ ಪಡೋದು ಮೋಸ, ಅದು ಎಲ್ಲ ನೀರು ಕೂಡಿದ ಮೇಲಿನ ಅಂಕಿ.

ಹಾಗಂತ ಅಮೋನಿಯಾ ಸುರಿದರೂ ಕಷ್ಟ. ಡ್ಯೂ ಪಾಯಿಂಟ್‌ಗಿಂತ ಮೇಲೇ ಅಮೋನಿಯಂ ಕ್ಲೋರೈಡ್ ಉಪ್ಪಾಗಿ ಟ್ರೇಗೆ ಅಂಟುತ್ತೆ, ಒದ್ದೆಯಾದ ಕೂಡಲೇ ಅದರ ಕೆಳಗೆ ಲೋಹ ಕೊರೆಯುತ್ತೆ. ಬೇಕಾದ್ದು ಕ್ರಮವಾಗಿ ಮೂರು: ಡೀಸಾಲ್ಟರ್ ಚೆನ್ನಾಗಿ ಓಡಬೇಕು (ಕ್ರೂಡ್‌ನ ಶೇ. 4–8ರಷ್ಟು ವಾಶ್ ವಾಟರ್, 120–150 ಡಿಗ್ರಿ), ತಲೆ ಬಿಸಿಯಾಗಿರಬೇಕು, ಕಾಲಂ ದಾಟಿದ ಮೇಲೆ ಓವರ್‌ಹೆಡ್ ಲೈನ್‌ಗೆ ವಾಶ್ ವಾಟರ್ ಸಾಕಷ್ಟು ಕೊಡಬೇಕು. ಸಾಕಷ್ಟು ಅಂದ್ರೆ, ಸುರಿದ ನೀರಲ್ಲಿ ಕನಿಷ್ಠ ಕಾಲು ಭಾಗ ಆವಿಯಾಗದೆ ದ್ರವವಾಗೇ ಉಳಿಯಬೇಕು. ಅರೆಬರೆ ನೀರು ಕೊಟ್ಟರೆ ಕೊಡದೇ ಇರೋದಕ್ಕಿಂತ ಕೆಟ್ಟದು, ನಿಮ್ಮ ಕೈಯಾರೆ ಮೊದಲ ಹನಿ ಮಾಡಿಕೊಟ್ಟ ಹಾಗೆ.

ಮಂಜ್ರಾಬಾದ್:
ಡೀಸೆಲ್ ಸ್ಟ್ರಿಪ್ಪರ್‌ಗೆ ಸ್ಟೀಮ್ ಬಿಟ್ಟು ಫ್ಲ್ಯಾಶ್ ಪಾಯಿಂಟ್ (ಆವಿಗೆ ಕಿಡಿ ತಗುಲಿದರೆ ಹೊತ್ತೋ ಉಷ್ಣತೆ) ಸರಿ ಮಾಡಿದ್ರೆ ಇನ್ನೊಂದು ಕಡೆ ನೀರು ಹೊತ್ತು ಹೋಗುತ್ತೆ. ಬಿಸಿಯಲ್ಲಿ ಕರಗಿದ್ದ ನೀರು ಟ್ಯಾಂಕ್‌ನಲ್ಲಿ ತಣ್ಣಗಾದಾಗ ಮಂಜಾಗಿ ಬೇರ್ಪಡುತ್ತೆ. ಮಂಗಳೂರಿನಿಂದ ಕೊಳವೆಯಲ್ಲಿ ಹಾಸನಕ್ಕೆ ಬರೋ ಡೀಸೆಲ್‌ಗೆ ಬಿಎಸ್-6 ಮಿತಿ ಕೆಜಿಗೆ 200 ಮಿಗ್ರಾಂ ನೀರು. ಅದಕ್ಕೇ ಸ್ಟ್ರಿಪ್ಪರ್ ಆದಮೇಲೆ ವ್ಯಾಕ್ಯೂಮ್ ಡ್ರೈಯರ್ ಅಥವಾ ಕೋಲೆಸರ್ (ಸಣ್ಣ ಹನಿಗಳನ್ನ ಕೂಡಿಸಿ ಬೇರ್ಪಡಿಸೋ ಸಾಧನ) ಮತ್ತು ಉಪ್ಪಿನ ಡ್ರೈಯರ್ ಇಡ್ತಾರೆ. ವಿಮಾನದ ಎಟಿಎಫ್‌ಗೆ ಸ್ಟೀಮೇ ಬೇಡ ಅಂತ ರೀಬಾಯ್ಲರ್ ಇರೋ ಸ್ಟ್ರಿಪ್ಪರ್ ಹಾಕೋದೂ ಇದೆ.

ಶಿರಾಡಿ ಘಾಟಿ:
ನಿಧಾನಕ್ಕೆ ಸೇರೋ ನೀರಿನ ಮಾತಾಯ್ತು. ಜೀವಕ್ಕೆ ಅಪಾಯ ತರೋದು ಸ್ಟಾರ್ಟ್‌ಅಪ್ ದಿನದ ನೀರು. ಒಂದು ಲೀಟರ್ ನೀರು 350 ಡಿಗ್ರಿ ಎಣ್ಣೆಗೆ ಬಿದ್ದರೆ 1 ಬಾರ್‌ನಲ್ಲಿ 2,880 ಲೀಟರ್ ಆವಿ. ವ್ಯಾಕ್ಯೂಮ್ ಕಾಲಂ 50 ಮಿಮೀ ಪಾದರಸದ ಒತ್ತಡದಲ್ಲಿದ್ದರೆ 43,000 ಲೀಟರ್. ಕೆಳಗಿಂದ ಮೇಲಕ್ಕೆ ತಳ್ಳುವ ಒತ್ತಡಕ್ಕೆ ಗಟ್ಟಿ ಮಾಡಿದ ಹೆವಿ ಡ್ಯೂಟಿ ಟ್ರೇಗಳೂ ತಡೆಯೋದು 1–2 ಪಿಎಸ್‌ಐ ಅಷ್ಟೇ. ಬಕೆಟ್ ನೀರು ಸಾಕು, ಟ್ರೇ ಪ್ಯಾನೆಲ್‌ಗಳು ಕಿತ್ತು ಬುಡದಲ್ಲಿ ರಾಶಿ ಬೀಳುತ್ತವೆ.

ನೀರು ಅಡಗಿರೋ ಜಾಗಗಳು: ಸ್ಟ್ರಿಪ್ಪಿಂಗ್ ಸ್ಟೀಮ್ ಲೈನಿನ ಕೊನೇ ವಾಲ್ವ್ ಹಿಂದಿನ ಕಂಡೆನ್ಸೇಟ್, ಸ್ಟ್ಯಾಂಡ್‌ಬೈ ಪಂಪಿನ ಕೇಸಿಂಗ್, ಕಂಟ್ರೋಲ್ ವಾಲ್ವ್ ಬೈಪಾಸ್‌ಗಳು, ಹೈಡ್ರೋಟೆಸ್ಟ್ (ನೀರು ತುಂಬಿ ಒತ್ತಡ ಪರೀಕ್ಷೆ) ಆದ ಎಕ್ಸ್‌ಚೇಂಜರ್, ಸ್ಲಾಪ್ (ಕೆಟ್ಟ ಎಣ್ಣೆ) ಲೈನ್. ಮಳೆಗಾಲದಲ್ಲಿ ಕರಾವಳಿಯಲ್ಲಿ ಫ್ಲೋಟಿಂಗ್ ರೂಫ್ ಟ್ಯಾಂಕ್‌ಗಳಿಂದ ಕ್ರೂಡ್ ಜೊತೆ ಬರೋ ನೀರು ಬೇರೆ.

ಅದಕ್ಕೇ ತಣ್ಣನೆ ಎಣ್ಣೆ ಸರ್ಕ್ಯುಲೇಶನ್ ಮೊದಲು, ಎಲ್ಲ ಲೋ ಪಾಯಿಂಟ್ ಡ್ರೈನ್ ತೆಗೆದು ನೋಡಿ. ಆಮೇಲೆ ಗಂಟೆಗೆ 30 ಡಿಗ್ರಿಯಂತೆ ಏರಿಸಿ 120–150ರ ನಡುವೆ ನಿಲ್ಲಿಸಿ. ಅಲ್ಲಿ ಅವಸರ ಮಾಡ್ಬೇಡಿ. ಓವರ್‌ಹೆಡ್ ಬೂಟ್‌ಗೆ ನೀರು ಬರೋದು ನಿಲ್ಲೋ ತನಕ ಕಾಯಿರಿ. ಆ ಹೊತ್ತಲ್ಲಿ ಸ್ಟ್ಯಾಂಡ್‌ಬೈ ಪಂಪ್‌ಗಳನ್ನ ಒಂದೊಂದಾಗಿ ಓಡಿಸಿ, ಬೈಪಾಸ್ ಚೂರು ತೆರೆದು ಹರಿಸಿ. 300 ಡಿಗ್ರಿಯಲ್ಲಿ ಮೊದಲ ಸಲ ಸ್ಟ್ಯಾಂಡ್‌ಬೈ ಪಂಪ್ ತೆಗೆಯೋದು ಅನಾಹುತಕ್ಕೆ ಆಹ್ವಾನ. ಸ್ಟ್ರಿಪ್ಪಿಂಗ್ ಸ್ಟೀಮ್ ತೆಗೆಯೋ ಮುಂಚೆ ವಾಲ್ವ್ ಪಕ್ಕದ ಬ್ಲೀಡರ್‌ನಲ್ಲಿ ಹನಿ ಇಲ್ಲದ, ಕಣ್ಣಿಗೆ ಕಾಣದ ಒಣ ಸ್ಟೀಮ್ ಬರಬೇಕು. ಬಾಯಿಯಲ್ಲೇ ಬಿಳಿ ಮೋಡ ಕಂಡರೆ ಇನ್ನೂ ನೀರಿದೆ.

ಹೇಮಾವತಿ ದಂಡೆ:
ತುಂಬಾ ಥ್ಯಾಂಕ್ಸ್ ಸರ್, ಎಲ್ಲರಿಗೂ. ಕೊನೇ ಪ್ರಶ್ನೆ: ನನ್ನ ಡಿಈಥನೈಜರ್‌ಗೆ ನೀರು ಹೊರಗೆ ತೆಗೆಯೋ ಟ್ರೇ ಎಲ್ಲಿ ಇಡಲಿ?

ಬಾಬಾಬುಡನ್ ಪ್ರೋಸೆಸ್:
ಮೊದಲು ಸಿಮ್ಯುಲೇಟರ್‌ನಲ್ಲಿ ಎಲ್ಲ ಟ್ರೇಗೂ ಮೂರು ಹಂತದ ಲೆಕ್ಕ (ಆವಿ, ಎಣ್ಣೆ, ನೀರು) ಆನ್ ಮಾಡಿ. ಡೀಫಾಲ್ಟ್‌ನಲ್ಲಿ ಅನೇಕ ಪ್ಯಾಕೇಜ್‌ಗಳು ಕಂಡೆನ್ಸರ್‌ನಲ್ಲಿ ಮಾತ್ರ ನೀರು ಬೇರ್ಪಡಿಸ್ತವೆ. ಸಮೀಕರಣಕ್ಕೆ ಎಸ್‌ಆರ್‌ಕೆ (ಸೋವ್–ರೆಡ್ಲಿಕ್–ಕ್ವಾಂಗ್) ಬಳಸಿದ್ರೆ ನೀರಿಗೆ ಕಬಾಡಿ–ಡ್ಯಾನರ್ ತಿದ್ದುಪಡಿ ಹಾಕಿ, ಇಲ್ಲಾಂದ್ರೆ ಕರಗುವಿಕೆ ಅಂಕಿಗಳು ನಂಬೋ ಹಾಗಿರಲ್ಲ. ಆಮೇಲೆ ಪ್ರತಿ ಟ್ರೇಗೆ ಆವಿಯಲ್ಲಿನ ನೀರಿನ ಪಾಲಿನ ಒತ್ತಡ ಒಂದು ಗೆರೆ, ಆ ಟ್ರೇ ಉಷ್ಣತೆಗೆ ನೀರಿನ ಆವಿ ಒತ್ತಡ ಇನ್ನೊಂದು ಗೆರೆ ಎಳೆಯಿರಿ. ಎರಡೂ ಮುಟ್ಟೋ ಜಾಗದಿಂದ ಮೇಲೆ ನೀರು ಬೇರೆ ದ್ರವವಾಗಿರುತ್ತೆ. ಡ್ರಾ ಟ್ರೇ ಆ ವಲಯದ ಕೆಳ ಅಂಚಿಗೆ. ಚಳಿಗಾಲದ ಕೂಲಿಂಗ್ ವಾಟರ್, ಕಡಿಮೆ ಥ್ರೂಪುಟ್, ಇವಕ್ಕೂ ಬೇರೆ ಬೇರೆ ಓಡಿಸಿ. ಗೆರೆ ಮೂರ್ನಾಲ್ಕು ಟ್ರೇ ಜಾರೋದು ಸಾಮಾನ್ಯ. ಆಗ ಎರಡು ಕಡೆ ನಾಜಲ್ ಇಡೋದು ಜಾಣತನ.

ಮಂಜ್ರಾಬಾದ್:
ಟ್ರೇ ಮೇಲಿನ ಬಬ್ಲಿಂಗ್‌ನಲ್ಲಿ ನೀರು ಕೂರಲ್ಲ, ಎಲ್ಲ ಕಲಸಿಹೋಗಿರುತ್ತೆ. ಹಾಗಾಗಿ ಚಿಮಣಿ ಟ್ರೇಯಿಂದ ಪೂರ್ತಿ ದ್ರವ ಹೊರಗೆ ತೆಗೆದು ಅಡ್ಡ ಡಿಕ್ಯಾಂಟರ್‌ಗೆ (ಎಣ್ಣೆ, ನೀರು ಕೂತು ಬೇರ್ಪಡೋ ಪಾತ್ರೆ) ಬಿಡಿ, 5–10 ನಿಮಿಷ ನಿಲ್ಲಲಿ, ಎಣ್ಣೆ ಕೆಳಗಿನ ಟ್ರೇಗೆ ವಾಪಸ್ ಹೋಗಲಿ. ಡಿಕ್ಯಾಂಟರ್ ತಲೆಯಿಂದ ಕಾಲಂನ ಆವಿ ಭಾಗಕ್ಕೆ ಬ್ಯಾಲೆನ್ಸ್ ಲೈನ್ ಕಡ್ಡಾಯ, ಯಾಕಂದ್ರೆ ದ್ರವ ಕುದಿಯೋ ಬಿಂದುವಿನಲ್ಲೇ ಇರುತ್ತೆ, ಚೂರು ಆವಿ ಎದ್ದರೂ ಲೈನ್ ಕಟ್ಟಿಕೊಳ್ಳುತ್ತೆ. ವಾಪಸ್ ಲೈನ್‌ನಲ್ಲಿ ಎಲ್ಲೂ ಮೇಲೇಳೋ ತಿರುವು ಬೇಡ.

ತುಕ್ಕು ಮದ್ದು:
ಎಫ್‌ಸಿಸಿ ಗ್ಯಾಸ್ ಪ್ಲಾಂಟ್ ಅಂದಿರಿ. ಆ ನೀರಲ್ಲಿ ಹೈಡ್ರೋಜನ್ ಸಲ್ಫೈಡ್, ಅಮೋನಿಯಾ, ಸಯನೈಡ್ ಇರುತ್ತೆ, ಕಾರ್ಬನ್ ಸ್ಟೀಲ್ ಒಳಗೆ ಹೈಡ್ರೋಜನ್ ತೂರಿ ಗುಳ್ಳೆ ಏಳುತ್ತೆ. ಡಿಕ್ಯಾಂಟರ್ ಮತ್ತು ಡ್ರಾ ಲೈನಿಗೆ ಮಾಮೂಲಿ ಪ್ಲೇಟ್ ಬೇಡ, ಎಚ್‌ಐಸಿ (ಹೈಡ್ರೋಜನ್‌ನಿಂದ ಬಿರುಕು ಬಿಡೋದು) ಪರೀಕ್ಷೆ ಆದ ಸ್ಟೀಲ್ ಬರೀರಿ. ಬೂಟ್ ಡ್ರೈನನ್ನ ಸೋರ್ ವಾಟರ್ (ಸಲ್ಫೈಡ್, ಅಮೋನಿಯಾ ಇರೋ ನೀರು) ಹೆಡರ್‌ಗೆ ಕಟ್ಟಿ, ತೆರೆದ ಚರಂಡಿಗೆ ಯಾವತ್ತೂ ಅಲ್ಲ.

ಹೇಮಾವತಿ ದಂಡೆ:
ಮೂರು ಹಂತದ ಲೆಕ್ಕ ಆನ್ ಮಾಡಿ, ಡಿಕ್ಯಾಂಟರ್ ಡ್ರಾ ಕೊಟ್ಟ ಮೇಲೆ ಕನ್ವರ್ಜ್ ಆಯ್ತು ಸರ್. ತಲೆಯ ಗ್ಯಾಸ್‌ನಲ್ಲಿ ನೀರು 8.7 ಕೆಜಿ ತೋರಿಸ್ತಿದೆ, ನೀವು ಕೈಲೆಕ್ಕದಲ್ಲಿ ಹೇಳಿದ್ದು 8.8. ಈಗ 25 ಡಿಗ್ರಿ ತಲೆಯ ಕೇಸ್ ಓಡಿಸೋಕೆ ಹಾಕಿದೀನಿ.

ಬಾಬಾಬುಡನ್ ಪ್ರೋಸೆಸ್:
25ಕ್ಕೆ ನಿಲ್ಲಿಸಿ, ಇನ್ನೂ ಇಳಿಸೋ ಆಸೆ ಬಂದರೆ ಹೈಡ್ರೇಟ್ (ನೀರು, ಗ್ಯಾಸ್ ಸೇರಿ ಆಗೋ ಮಂಜುಗಡ್ಡೆಯಂಥ ಗಟ್ಟಿ) ಲೆಕ್ಕ ಮೊದಲು. ಈಥೇನ್ ಹೈಡ್ರೇಟ್ ಸುಮಾರು 14 ಡಿಗ್ರಿ ತನಕವೂ ಗಟ್ಟಿಯಾಗಬಲ್ಲದು. ಅಲ್ಲಿಂದ ಕೆಳಗೆ ನೀರಿನ ಜೊತೆ ಹೈಡ್ರೇಟ್ ತಡೆಯೋ ಮೆಥನಾಲ್ ಲೆಕ್ಕವನ್ನೂ ಹಾಕಬೇಕಾಗುತ್ತೆ.